ಓದು ಹತ್ತದ ಮಗುವಿಗೆ ಕಿವಿಯ ದಾರಿ

ಕಳೆದ ಮಳೆಗಾಲದಲ್ಲಿ ತಾಳಿಕೋಟೆ ಸಮೀಪದ ಹಳ್ಳಿಯೊಂದರಿಂದ ದಂಪತಿ ತಮ್ಮ ಹತ್ತು ವರ್ಷದ ಮಗನನ್ನು ನನ್ನ ದವಾಖಾನೆಗೆ ಕರೆತಂದರು. “ಸಾಲಿಗೆ ಹೋಗೂ ಹೊತ್ತಿಗೇ ಹೊಟ್ಟಿ ಹಿಡೀತೈತ್ರಿ ಡಾಕ್ಟರ್ರ. ರವಿವಾರ ಏನೂ ಇರಂಗಿಲ್ರಿ” ಎಂದರು ತಾಯಿ. ಹೊಟ್ಟೆ ಒತ್ತಿ ನೋಡಿದೆ, ದೋಷವೇನೂ ಕಾಣಲಿಲ್ಲ. ಗೋಡೆಯ ಕ್ಯಾಲೆಂಡರ್ ಓದಲು ಹೇಳಿದೆ. ‘ಸೂರ್ಯೋದಯ’ ಎಂಬಲ್ಲಿ ತಡವರಿಸಿ ನಿಂತ, ಬೆವೆತ, ತಾಯಿಯ ಸೆರಗು ಹಿಡಿದ. ಅದೇ ಹುಡುಗ ತೊಗರಿ ಬಿತ್ತುವುದು ಯಾವಾಗ, ಡೋಣಿ ಹೊಳೆ ತುಂಬಿದರೆ ಊರಿಗೆ ಯಾವ ಸುತ್ತುದಾರಿ ಹಿಡಿಯಬೇಕು ಎಂಬುದನ್ನೆಲ್ಲ ಪಟಪಟನೆ ಹೇಳಿದ. ತಂದೆ ತಲೆ ತಗ್ಗಿಸಿ, “ನನಗೂ ಓದು ಹತ್ತಲಿಲ್ರಿ. ನಾಕನೇತ್ತಕ್ಕ ಸಾಲಿ ಬಿಟ್ಟಾಂವ ನಾನು” ಎಂದರು.

ನಾನು ಹೊಸದಾಗಿ ವೃತ್ತಿಗಿಳಿದಾಗ ಇಂಥ ಮಕ್ಕಳಿಗೆ ಜಂತುಹುಳುವಿನ ಗುಳಿಗೆ, ಒಂದು ಬಾಟಲಿ ಟಾನಿಕ್ ಬರೆದು ಕಳಿಸುತ್ತಿದ್ದೆ. ಅದು ಚಿಕಿತ್ಸೆಯೇ ಅಲ್ಲ ಎಂದು ತಿಳಿಯಲು ಕೆಲವು ವರ್ಷ ಬೇಕಾದವು.

ಓದಿನಲ್ಲಿ ಹಿಂದುಳಿದ ಮಗುವಿನ ಕಣ್ಣು, ಕಿವಿಗಳನ್ನು ಮೊದಲು ಪರೀಕ್ಷಿಸಬೇಕು. ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಮಾತಾಡುವ ಮಗು ಕನ್ನಡ ಶಾಲೆಯಲ್ಲಿ ಆರಂಭದಲ್ಲಿ ತಡವರಿಸುವುದು ಸಹಜ, ಅದು ರೋಗವಲ್ಲ. ಇವೆಲ್ಲ ಸರಿಯಿದ್ದು, ಬುದ್ಧಿಯೂ ಚುರುಕಾಗಿದ್ದು, ಸರಿಯಾಗಿ ಕಲಿಸಿದರೂ ಓದು-ಬರಹ ಮಾತ್ರ ಹತ್ತದಿದ್ದರೆ ‘ಡಿಸ್ಲೆಕ್ಸಿಯಾ’ ಎಂಬ ಕಲಿಕಾ ನ್ಯೂನತೆಯನ್ನು ಶಂಕಿಸಬೇಕಾಗುತ್ತದೆ. ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವ ಕೆಲಸ ಇವರ ಮೆದುಳಿಗೆ ಕಷ್ಟ. ಇದು ಅನೇಕ ವೇಳೆ ವಂಶದಲ್ಲಿ ಹರಿದು ಬರುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದ್ದರಿಂದ ನಮ್ಮ ಮಕ್ಕಳಿಗೆ ಈ ತೊಂದರೆಯಿಲ್ಲ ಎಂದು ಹೇಳುವವರಿದ್ದಾರೆ. ಅದು ತಪ್ಪು. ಪ, ವ, ಷ, ಮ ಒಂದೇ ಬಗೆಯಾಗಿ ಕಾಣುತ್ತವೆ. ದ ಮತ್ತು ಧ ನಡುವೆ ಒಂದು ಸಣ್ಣ ಗೀಟಿನ ಅಂತರ. ‘ಸೂರ್ಯ’ದಲ್ಲಿ ‘ರ್’ ಮೊದಲು ಕೇಳಿಸುತ್ತದೆ, ಆದರೆ ಅದರ ಗುರುತನ್ನು ಆಮೇಲೆ ಬರೆಯುತ್ತೇವೆ. ಆ ಹುಡುಗ ‘ಸೂಯ್ರ’ ಎಂದು ಬರೆಯುತ್ತಿದ್ದ. ಇಂಥ ಮಗು ಅಕ್ಷರ ಕೂಡಿಸಿ ಕೂಡಿಸಿ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತುಹೋಗಿರುತ್ತದೆ.

ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಇಂಥ ಹದಿನಾಲ್ಕು ವರ್ಷದ ಬಾಲಕನೊಬ್ಬನನ್ನು ಕುರಿತು ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂದು ಅವನ ಶಿಕ್ಷಕರು ಹೇಳಿದ್ದರಂತೆ. ಅಂದು ಕೈಗೂಡದಿದ್ದ ಆ ಬಾಯಿಮಾತಿನ ಪಾಠ ಇಂದು ನಿಮ್ಮ ಜೇಬಿನ ಮೊಬೈಲಿನಲ್ಲೇ ಇದೆ.

ಆಂಡ್ರಾಯ್ಡ್ ಫೋನುಗಳು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲವು. ಮಗು ಅದನ್ನು ಕೇಳುತ್ತ, ಅದೇ ಸಾಲಿನ ಮೇಲೆ ಬೆರಳಾಡಿಸಬೇಕು. ಬರೀ ಕೇಳಿದರೆ ಅರ್ಧ ಲಾಭ, ಕಣ್ಣೂ ಜೊತೆಗೆ ನಡೆಯಬೇಕು. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ‘ದೀಕ್ಷಾ’ದಲ್ಲಿ ಅನೇಕ ಪಾಠಗಳ ವಿಡಿಯೊ ಸಿಗುತ್ತವೆ. ಬರೆಯಲು ಕಷ್ಟಪಡುವ ಮಗು ಬಾಯಲ್ಲಿ ಹೇಳಿದರೆ ಫೋನು ಅಕ್ಷರ ಮೂಡಿಸುತ್ತದೆ, ಆದರೆ ನಮ್ಮ ಕಡೆಯ ‘ಹೋಗಂಗಿಲ್ರಿ’ ಕೇಳಿ ಅದು ಕಕ್ಕಾಬಿಕ್ಕಿಯಾಗುವುದೂ ಉಂಟು! ಇದಾವುದೂ ಬೇಡವೆಂದರೆ ಅಕ್ಕನೋ ಶಿಕ್ಷಕರೋ ಪಾಠ ಓದಿ ಧ್ವನಿಮುದ್ರಿಸಿ ಕೊಡಲಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು ಇದೇ. ತರಗತಿಯಲ್ಲಿ ಶಿಕ್ಷಕರು ಫಲಕದ ಮೇಲಿನದನ್ನು ನಕಲು ಮಾಡಿಸುವ ಬದಲು ಫೋಟೋ ತೆಗೆದು ಪೋಷಕರಿಗೆ ಕಳಿಸಬಹುದು.

ಯಂತ್ರ ಊರುಗೋಲಿದ್ದಂತೆ. ಅಕ್ಷರ-ಧ್ವನಿಗಳ ಜೋಡಣೆಯನ್ನು ದಿನವೂ ಇಪ್ಪತ್ತು ನಿಮಿಷ ಮನುಷ್ಯರೇ ಕೂತು ಕಲಿಸಬೇಕು. ಮರಳಿನ ಮೇಲೆ ಬರೆಸಿ, ಬಾಯಲ್ಲಿ ಹೇಳಿಸಿ. ಫೋನನ್ನು ಮಗುವಿನ ಕೈಗೇ ಕೊಟ್ಟು ಎದ್ದುಹೋದರೆ ಪಾಠದ ಜಾಗದಲ್ಲಿ ರೀಲ್ಸ್ ಬಂದಿರುತ್ತದೆ. ಬಣ್ಣದ ಕನ್ನಡಕ, ನೆನಪಿನ ಶಕ್ತಿಯ ಲೇಹ್ಯ, ‘ಮೆದುಳು ಚುರುಕು ಮಾಡುವ’ ಆಟಗಳಿಗೆ ದುಡ್ಡು ಸುರಿಯಬೇಡಿ. ಅವುಗಳಿಂದ ಓದು ಬರುವುದಿಲ್ಲ.

ವರ್ಷವಿಡೀ ಕೇಳಿ ಕಲಿತ ಮಗುವನ್ನು ಪರೀಕ್ಷೆಯಲ್ಲಿ ಮಾತ್ರ ಎಲ್ಲರಂತೆ ಓದಿ ಬರೆ ಎಂದರೆ ಅದು ಅನ್ಯಾಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಮುಂತಾದ ಸವಲತ್ತುಗಳಿವೆ. ನನ್ನಂಥ ಎಂಬಿಬಿಎಸ್ ವೈದ್ಯ ಶಂಕಿಸಬಹುದಷ್ಟೇ, ಖಚಿತಪಡಿಸಲು ಮಕ್ಕಳ ತಜ್ಞರೂ ಮನಶ್ಶಾಸ್ತ್ರಜ್ಞರೂ ನೋಡಬೇಕು. ಎಂಟು ವರ್ಷ ತುಂಬಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹತ್ತನೇ ತರಗತಿಯವರೆಗೆ ಕಾಯಬೇಡಿ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲೇ ತಿಳಿಸಿ. ‘ಮಗಳಿಗೆ ಇಂಥ ಪತ್ರ ಮಾಡಿಸಿದರೆ ನಾಳೆ ಮದುವೆಗೆ ಅಡ್ಡಿ’ ಎಂದು ಹಿಂಜರಿಯುವವರನ್ನು ಕಂಡಿದ್ದೇನೆ. ಆ ಹಿಂಜರಿಕೆಯಲ್ಲಿ ಹುಡುಗಿ ಏಳನೇತ್ತೆಗೇ ಶಾಲೆ ಬಿಡುತ್ತಾಳೆ.

ಆ ಹುಡುಗ ಈಗ ಐದನೆಯ ತರಗತಿಯಲ್ಲಿದ್ದಾನೆ. ಅಕ್ಕ ಓದಿಟ್ಟ ಪಾಠವನ್ನು ಬೆಳಿಗ್ಗೆ ಕೇಳುತ್ತಾನೆ. ಪರಿಸರ ಅಧ್ಯಯನದ ಪ್ರಶ್ನೆಗಳಿಗೆ ಶಿಕ್ಷಕರು ಬಾಯಲ್ಲೇ ಉತ್ತರ ಕೇಳುತ್ತಾರೆ. ಓದು ಇನ್ನೂ ನಿಧಾನ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಉಕ್ತಲೇಖನವಿರುವ ದಿನ ಮಾತ್ರ ಬರುತ್ತದಂತೆ.