‘ದಿ ಫ್ಲ್ಯಾಶ್’ ಧಾರಾವಾಹಿಯ ಮೊದಲ ಸೀಸನ್ನಿನ ಕೊನೆಯ ಕಂತು: ನಿರ್ವಹಣ ಸಂಧಿಯ ದೃಷ್ಟಿಯಿಂದ ಒಂದು ವಿವೇಚನೆ

ಧಾರಾವಾಹಿಯೆಂಬ ಪ್ರಕಾರಕ್ಕೆ ಮುಕ್ತಾಯವೆಂಬುದು ಯಾವಾಗಲೂ ತೊಡಕಿನ ಸಂಗತಿಯೇ. ಅಮೆರಿಕದ ದೂರದರ್ಶನದಲ್ಲಿ ಒಂದು ವರ್ಷದ ಅವಧಿಯ ಕಂತುಗಳನ್ನು ಒಟ್ಟಾಗಿ ‘ಸೀಸನ್’ ಎಂದು ಕರೆಯುವುದು ವಾಡಿಕೆ. ಸೀಸನ್ನಿನ ಕೊನೆಯ ಕಂತು ಅಲ್ಲಿಯವರೆಗೆ ನಡೆದ ಕಥೆಯನ್ನು ಮುಗಿಸಬೇಕು. ಮುಂದಿನ ವರ್ಷಕ್ಕೆ ಪ್ರೇಕ್ಷಕರನ್ನು ಉಳಿಸಿಕೊಳ್ಳಬೇಕಾದ ಕಾರಣ ಮುಗಿಸದೆಯೂ ಇರಬೇಕು. ನಾಟ್ಯಶಾಸ್ತ್ರವು ಹೇಳುವ ಐದು ಸಂಧಿಗಳಲ್ಲಿ ಕೊನೆಯದಾದ ನಿರ್ವಹಣದಲ್ಲಿ ಹಿಂದಿನ ಸಂಧಿಗಳಲ್ಲಿ ಹರಡಿಕೊಂಡಿದ್ದ ಬೀಜಾದಿ ಅಂಶಗಳೆಲ್ಲ ಒಂದೆಡೆ ಕೂಡಿ ಫಲವನ್ನು ಕೊಡುತ್ತವೆ. ಫಲವನ್ನು ಕೊಟ್ಟೂ ಕೊಡದಿರಬೇಕಾದ ಒಂದು ಪ್ರಕಾರದಲ್ಲಿ ನಿರ್ವಹಣವು ಯಾವ ರೂಪವನ್ನು ತಾಳುತ್ತದೆ ಎಂಬುದನ್ನು ಒಂದು ಸೂಪರ್‌ಹೀರೋ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

‘ದಿ ಫ್ಲ್ಯಾಶ್’ ಅಮೆರಿಕದ ಸಿಡಬ್ಲ್ಯೂ ವಾಹಿನಿಯಲ್ಲಿ ೨೦೧೪ರ ಅಕ್ಟೋಬರ್ ೭ರಂದು ಆರಂಭವಾಗಿ, ಒಂಬತ್ತು ಸೀಸನ್ನುಗಳನ್ನು ಪೂರೈಸಿ ೨೦೨೩ರ ಮೇ ೨೪ರಂದು ಕೊನೆಗೊಂಡಿತು. ಅದರ ಮೊದಲ ಸೀಸನ್ನಿನ ೨೩ನೆಯ ಹಾಗೂ ಕೊನೆಯ ಕಂತಾದ ‘ಫಾಸ್ಟ್ ಎನಫ್’ ೨೦೧೫ರ ಮೇ ೧೯ರಂದು ಪ್ರಸಾರವಾಯಿತು. ನಾಯಕ ಬ್ಯಾರಿ ಆಲನ್ ಡಿಸಿ ಕಾಮಿಕ್ಸ್ ಪ್ರಕಟಣೆಗಳಲ್ಲಿ ೧೯೫೬ರಲ್ಲಿಯೇ ಕಾಣಿಸಿಕೊಂಡ ಪಾತ್ರ. ಆದರೆ ಅವನ ತಾಯಿಯ ಕೊಲೆಯ ಪ್ರಸಂಗ ಮೂಲದಲ್ಲಿ ಇರಲಿಲ್ಲ. ಅದನ್ನು ಜೆಫ್ ಜಾನ್ಸ್ ೨೦೦೯ರಲ್ಲಿ ಬರೆದ ‘ದಿ ಫ್ಲ್ಯಾಶ್: ರೀಬರ್ತ್’ ಕಾಮಿಕ್ಸ್‌ನಲ್ಲಿ ಸೇರಿಸಲಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೇವಲ ಉತ್ಸಾಹದ ಬಲದಿಂದ ಓಡಿದ ಪಾತ್ರಕ್ಕೆ ಹೀಗೆ ಶೋಕದ ಬೀಜವೊಂದು ದೊರೆತದ್ದು ಗಮನಾರ್ಹ. ವೀರಕ್ಕೂ ಕರುಣಕ್ಕೂ ನಡೆಯುವ ಘರ್ಷಣೆ ಆರಂಭವಾಗುವುದು ಇಲ್ಲಿಂದಲೇ. ಧಾರಾವಾಹಿಯು ಈ ಬೀಜವನ್ನು ಮೊದಲ ಕಂತಿನಲ್ಲಿಯೇ ಬಿತ್ತುತ್ತದೆ. ೨೦೦೦ದ ಮಾರ್ಚ್ ೧೮ರ ರಾತ್ರಿ ಹನ್ನೊಂದು ವರ್ಷದ ಬಾಲಕನ ಕಣ್ಣೆದುರಿಗೆ ಮಿಂಚಿನಂತಹ ಆಕೃತಿಯೊಂದು ಮನೆಯೊಳಗೆ ಸುತ್ತುತ್ತದೆ. ತಾಯಿ ನೋರಾ ಸಾಯುತ್ತಾಳೆ. ನಿರಪರಾಧಿ ತಂದೆ ಹೆನ್ರಿ ಸೆರೆಮನೆ ಸೇರುತ್ತಾನೆ. ಪೊಲೀಸ್ ಅಧಿಕಾರಿ ಜೋ ವೆಸ್ಟ್ ಬಾಲಕನನ್ನು ಸಾಕುತ್ತಾನೆ. ಮುಂದೆ ಅತಿವೇಗದ ಶಕ್ತಿಯನ್ನು ಪಡೆದ ಬ್ಯಾರಿಗೆ ಗುರುವಾಗಿ ಒದಗುವ ವಿಜ್ಞಾನಿ ಹ್ಯಾರಿಸನ್ ವೆಲ್ಸ್ ವಾಸ್ತವವಾಗಿ ಭವಿಷ್ಯದಿಂದ ಬಂದ ಇಯೊಬಾರ್ಡ್ ಥಾನ್. ತಾಯಿಯನ್ನು ಕೊಂದವನು ಅವನೇ.

ಕೊನೆಯ ಕಂತು ತೆರೆದುಕೊಳ್ಳುವ ವೇಳೆಗೆ ಖಳನು ಈಗಾಗಲೇ ಸೆರೆಸಿಕ್ಕಿದ್ದಾನೆ. ಇದು ಕಥನತಂತ್ರದ ದೃಷ್ಟಿಯಿಂದ ಮಹತ್ವದ ಆಯ್ಕೆ. ಪ್ರೇಕ್ಷಕನು ನಿರೀಕ್ಷಿಸುವ ದೊಡ್ಡ ಕಾಳಗವನ್ನು ಬದಿಗಿಟ್ಟು, ಕಂತಿನ ಬಹುಭಾಗವನ್ನು ಮಾತುಕತೆಗೆ ಮೀಸಲಿಡಲಾಗಿದೆ. ಖಳನು ನಾಯಕನ ಮುಂದೆ ಒಂದು ಪ್ರಸ್ತಾವವನ್ನಿಡುತ್ತಾನೆ. ಬ್ಯಾರಿ ಸಾಕಷ್ಟು ವೇಗದಿಂದ ಓಡಿದರೆ ಕಾಲದಲ್ಲಿ ಸುರಂಗವೊಂದು ತೆರೆದುಕೊಳ್ಳುತ್ತದೆ. ಅದರ ಮೂಲಕ ಅವನು ಆ ರಾತ್ರಿಗೆ ಮರಳಿ ತಾಯಿಯನ್ನು ಉಳಿಸಿಕೊಳ್ಳಬಹುದು, ಇಯೊಬಾರ್ಡ್ ತನ್ನ ಕಾಲಕ್ಕೆ ತೆರಳಬಹುದು. ಆಗ ಬ್ಯಾರಿಯ ಹದಿನೈದು ವರ್ಷಗಳ ಬದುಕು, ಜೋನ ಸಾಕುತಂದೆತನ, ಗೆಳೆತನಗಳು ಎಲ್ಲವೂ ಇಲ್ಲವಾಗುತ್ತವೆ.

ಈ ಭಾಗವನ್ನು ವಿಮರ್ಶ ಸಂಧಿಯೆಂದು ಗುರುತಿಸಬಹುದು. ಬ್ಯಾರಿ ಇಬ್ಬರು ತಂದೆಯರ ಬಳಿಗೂ ಹೋಗುತ್ತಾನೆ. ಕಳೆದುಕೊಳ್ಳಬೇಕಾದವನು ಜೋ; ಅವನು ‘ಹೋಗು’ ಎನ್ನುತ್ತಾನೆ. ಪಡೆದುಕೊಳ್ಳಬೇಕಾದವನು ಹೆನ್ರಿ; ಹೆಂಡತಿಯೂ ಸ್ವಾತಂತ್ರ್ಯವೂ ಒಟ್ಟಿಗೆ ಮರಳಿ ದೊರೆಯುವ ಅವಕಾಶವಿದ್ದರೂ ಸೆರೆಮನೆಯ ಗಾಜಿನ ಆಚೆಯಿಂದ ಅವನು ‘ಬೇಡ’ ಎನ್ನುತ್ತಾನೆ; ಮಗ ಈಗ ಏನಾಗಿದ್ದಾನೋ ಅದು ಅಳಿಸಿಹೋಗಬಾರದೆಂಬುದು ಅವನ ಕಾಳಜಿ. ಇಬ್ಬರೂ ತಮ್ಮ ಹಿತಕ್ಕೆ ವಿರುದ್ಧವಾದ ಸಲಹೆಯನ್ನೇ ಕೊಡುತ್ತಾರೆ. ಜೆಸ್ಸಿ ಎಲ್. ಮಾರ್ಟಿನ್ ಮತ್ತು ಜಾನ್ ವೆಸ್ಲಿ ಶಿಪ್ ಅವರ ಅಭಿನಯ ಇಲ್ಲಿ ಅತಿರೇಕವಿಲ್ಲದ್ದು. ೧೯೯೦-೯೧ರಲ್ಲಿ ಸಿಬಿಎಸ್ ವಾಹಿನಿಯ ಇದೇ ಹೆಸರಿನ ಧಾರಾವಾಹಿಯಲ್ಲಿ ನಾಯಕನಾಗಿದ್ದವರು ಶಿಪ್ ಅವರೇ; ಹಳೆಯ ನಾಯಕನು ಹೊಸ ನಾಯಕನಿಗೆ ‘ಓಡಬೇಡ’ ಎನ್ನುವಂತಾಗಿರುವುದು ಹಳೆಯ ಧಾರಾವಾಹಿಯನ್ನು ಬಲ್ಲ ಪ್ರೇಕ್ಷಕರಿಗೆ ದೊರೆಯುವ ಹೆಚ್ಚಿನ ಧ್ವನಿ. ಖಳನ ಪಾತ್ರವನ್ನೂ ಏಕಮುಖವಾಗಿ ಬಿಟ್ಟಿಲ್ಲ. ತಾನೇ ತಬ್ಬಲಿಯಾಗಿಸಿದ ಮಗನನ್ನು ಕಂಡಾಗ ತನಗೆ ಹೆಮ್ಮೆಯೂ ಪ್ರೀತಿಯೂ ಉಂಟಾಗುತ್ತದೆಂದು ಟಾಮ್ ಕ್ಯಾವನಾ ತಣ್ಣನೆಯ ದನಿಯಲ್ಲಿ ಹೇಳುವಾಗ ಅವನು ಮೂರನೆಯ ತಂದೆಯಂತೆ ತೋರುತ್ತಾನೆ.

ಬ್ಯಾರಿ ಓಡುತ್ತಾನೆ. ಆ ರಾತ್ರಿಯ ಮನೆಯನ್ನು ತಲುಪಿ ಬಾಗಿಲ ಸಂದಿನಿಂದ ನೋಡುತ್ತಾನೆ. ಭವಿಷ್ಯದ ತಾನೇ ಒಳಗೆ ಖಳನೊಡನೆ ಸೆಣಸುತ್ತಿದ್ದಾನೆ. ಹಿರಿಯ ಬ್ಯಾರಿಯ ದೃಷ್ಟಿ ಇವನತ್ತ ತಿರುಗುತ್ತದೆ. ಒಳಗೆ ಬರಬೇಡವೆಂದು ಕೈಸನ್ನೆ ಮಾಡುತ್ತಾನೆ. ಇವನು ನಿಲ್ಲುತ್ತಾನೆ. ವೇಗವೊಂದೇ ಬಲವಾಗಿರುವ ನಾಯಕನು ಚಲಿಸದೆ ಇರುವುದೇ ಇಡೀ ಸೀಸನ್ನಿನ ಅತ್ಯಂತ ಕಠಿಣವಾದ ಕ್ರಿಯೆಯಾಗುತ್ತದೆ. ಕೊಲೆ ನಡೆದ ಮೇಲೆ ಒಳಗೆ ಹೋಗಿ, ಸಾಯುತ್ತಿರುವ ತಾಯಿಯ ಬಳಿ ಕುಳಿತು, ಮುಖವಾಡವನ್ನು ತೆಗೆದು, ತಾನು ಯಾರೆಂಬುದನ್ನು ತಿಳಿಸುತ್ತಾನೆ. ತಾನೂ ತಂದೆಯೂ ಕ್ಷೇಮವಾಗಿರುವುದಾಗಿ ಹೇಳುತ್ತಾನೆ. ತಂದೆ ಇನ್ನೂ ಸೆರೆಮನೆಯಲ್ಲಿರುವುದನ್ನು ನೆನೆದರೆ ಆ ಮಾತಿನಲ್ಲಿ ಸತ್ಯ ಅರ್ಧವೇ. ಮಿಷೆಲ್ ಹ್ಯಾರಿಸನ್ ಮತ್ತು ಗ್ರಾಂಟ್ ಗಸ್ಟಿನ್ ಅಭಿನಯಿಸಿದ ಈ ದೃಶ್ಯದಲ್ಲಿ ಉತ್ಸಾಹವು ಸಂಪೂರ್ಣವಾಗಿ ಹಿಂದೆ ಸರಿದು ಶೋಕವೇ ಸ್ಥಾಯಿಯಾಗಿ ನಿಲ್ಲುತ್ತದೆ. ರನ್ನನು ‘ಗದಾಯುದ್ಧ’ದಲ್ಲಿ ಒಂದೇ ಪ್ರಸಂಗದಲ್ಲಿ ನಿಂತು ಸಿಂಹಾವಲೋಕನ ಕ್ರಮದಿಂದ ಇಡೀ ಭಾರತಕಥೆಯನ್ನು ಹಿಂದಿರುಗಿ ನೋಡಿದುದನ್ನು ಬಲ್ಲ ಓದುಗರಿಗೆ, ಹಿಂದಣ ನೋಟವೇ ಇಲ್ಲಿ ಕಥೆಯ ಕ್ರಿಯೆಯಾಗಿ ಮಾರ್ಪಟ್ಟಿರುವುದು ಸ್ವಾರಸ್ಯಕರವೆನಿಸಬಹುದು. ಸಾಮ್ಯ ಅಷ್ಟಕ್ಕೇ ಸೀಮಿತ. ಅದನ್ನು ಹೆಚ್ಚು ಎಳೆಯುವುದು ಸಲ್ಲದು.

ಕಂತು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಪ್ರಕಾರದ ಒತ್ತಡ ಅದಕ್ಕೆ ಎಡೆಕೊಡುವುದಿಲ್ಲ. ವರ್ತಮಾನಕ್ಕೆ ಮರಳಿದ ಬ್ಯಾರಿ ಖಳನ ಕಾಲವಾಹನವನ್ನು ಒಡೆಯುತ್ತಾನೆ. ಕಾಳಗದಲ್ಲಿ ಸೋಲುವ ಹಂತಕ್ಕೆ ಬರುತ್ತಾನೆ. ಆಗ ಇಯೊಬಾರ್ಡನ ಪೂರ್ವಜನಾದ ಪೊಲೀಸ್ ಅಧಿಕಾರಿ ಎಡ್ಡಿ ಥಾನ್ ತನ್ನ ಎದೆಗೆ ತಾನೇ ಗುಂಡು ಹಾರಿಸಿಕೊಂಡು ಆ ವಂಶವನ್ನೇ ಇಲ್ಲವಾಗಿಸುತ್ತಾನೆ. ಸೀಸನ್ನಿನುದ್ದಕ್ಕೂ ಪತಾಕಾನಾಯಕನ ಸ್ಥಾನವೂ ಸಿಗದಿದ್ದ ಪಾತ್ರದಿಂದ ಫಲಸಿದ್ಧಿಯಾಗುವುದು ಒಳ್ಳೆಯ ಯೋಜನೆಯೇ. ಇಯೊಬಾರ್ಡ್ ಹುಟ್ಟಲೇ ಇಲ್ಲವೆಂದಾದರೆ ನೋರಾಳನ್ನು ಕೊಂದವರು ಯಾರೆಂಬ ಪ್ರಶ್ನೆಗೆ ಮಾತ್ರ ಕಂತಿನಲ್ಲಿ ಉತ್ತರವಿಲ್ಲ. ಅನಂತರ ನಗರದ ಮೇಲಣ ಆಕಾಶದಲ್ಲಿ ಕಪ್ಪುಕುಳಿಯೊಂದು ತೆರೆದುಕೊಳ್ಳುತ್ತದೆ, ಬ್ಯಾರಿ ಅದರೊಳಕ್ಕೆ ಓಡುತ್ತಾನೆ, ಕಂತು ಮುಗಿಯುತ್ತದೆ. ನಿರ್ವಹಣದಲ್ಲಿ ಅದ್ಭುತರಸವಿರಬೇಕೆಂದು ಭರತನು ಹೇಳಿದ್ದಾನೆ. ಇಲ್ಲಿ ಅದ್ಭುತವಿದೆ, ಆದರೆ ಅದು ಫಲದ ಜೊತೆಗೆ ಬಂದುದಲ್ಲ. ಮುಂದಿನ ಸೀಸನ್ನಿಗೆ ಇಟ್ಟ ಮುಖಸಂಧಿ ಅದು.

ಈ ನಿರ್ವಹಣಕ್ಕೆ ನಿಜವಾದ ಧಕ್ಕೆ ತಗಲಿದ್ದು ಒಂದು ವರ್ಷದ ಅನಂತರ. ೨೦೧೬ರ ಮೇ ೨೪ರಂದು ಪ್ರಸಾರವಾದ ಎರಡನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ, ತಂದೆಯನ್ನೂ ಕಳೆದುಕೊಂಡಿದ್ದ ಬ್ಯಾರಿ ಅದೇ ರಾತ್ರಿಗೆ ಓಡಿ ತಾಯಿಯನ್ನು ಉಳಿಸಿಬಿಡುತ್ತಾನೆ. ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದ ಹಿಂದಿನ ಸೀಸನ್ನಿನ ಬ್ಯಾರಿ ನಮ್ಮ ಕಣ್ಣೆದುರಿಗೇ ಕರಗಿಹೋಗುತ್ತಾನೆ. ಶೋಕವನ್ನು ಒಪ್ಪಿಕೊಂಡಿದ್ದ ನಾಯಕನನ್ನು ಕೃತಿಯೇ ಅಳಿಸಿಹಾಕಿತು. ಪಾತ್ರದ ಮನಃಸ್ಥಿತಿಯಿಂದ ಇದನ್ನು ಸಮರ್ಥಿಸುವವರಿದ್ದಾರೆ. ಒಮ್ಮೆ ಗೆದ್ದ ದುಃಖ ಮತ್ತೆ ಗೆಲ್ಲುವುದು ಅಸಹಜವಲ್ಲ. ಆದರೂ ಆಯ್ಕೆಯನ್ನು ಹಿಂತೆಗೆದುಕೊಳ್ಳಬಹುದಾದ ಲೋಕದಲ್ಲಿ ತ್ಯಾಗದ ತೂಕ ತಗ್ಗುತ್ತದೆ. ೨೦೧೬ರ ಅಕ್ಟೋಬರ್ ೪ರ ‘ಫ್ಲ್ಯಾಶ್‌ಪಾಯಿಂಟ್’ ಎಂಬ ಕಂತಿನಲ್ಲಿ ಬ್ಯಾರಿ ತನ್ನ ಕಾರ್ಯವನ್ನು ಮತ್ತೆ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಆಗ ತಾಯಿಯ ಬಳಿ ಕುಳಿತು ಆಡುವ ಮಾತುಗಳಿಲ್ಲ, ಮುಖವಾಡ ತೆಗೆಯುವ ಅವಕಾಶವಿಲ್ಲ. ಆಕೆಯನ್ನು ಕೊಲ್ಲುವಂತೆ ಕೊಲೆಗಾರನನ್ನು ಅವನೇ ತನ್ನ ಬಾಯಿಂದ ಕೇಳಿಕೊಳ್ಳಬೇಕು.