ಮಡಲು ಹೆಣೆದ ಕೈಗೆ ಖರ್ಜೂರದ ಗರಿ

ಶಿರ್ವದ ಕಡೆಯ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಮರ ಎಂದರೆ ಗಾಳಿಮರದ ಒಂದು ಕೊಂಬೆ. ಅಪ್ಪ ಅದನ್ನು ಹೊಯಿಗೆ ತುಂಬಿದ ಎಣ್ಣೆಡಬ್ಬಿಯಲ್ಲಿ ಊರುತ್ತಿದ್ದರು, ಮಕ್ಕಳಾದ ನಾವು ಹತ್ತಿ ಹಿಂಜಿ ಅದಕ್ಕೆ ಹಿಮ ಅಂಟಿಸುತ್ತಿದ್ದೆವು. ಮದುವೆಯಾಗಿ ನಾನು ದುಬೈಯ ಕರಾಮಕ್ಕೆ ಬಂದದ್ದು 2003ರಲ್ಲಿ. ಈಗ ಕೆಲವು ವರ್ಷಗಳಿಂದ ಅಬುಧಾಬಿ. ಮೊದಮೊದಲು ಪ್ಲಾಸ್ಟಿಕ್ ಮರ, ಪ್ಲಾಸ್ಟಿಕ್ ತೋರಣದಲ್ಲೇ ಹಬ್ಬ ಕಳೆಯಿತು. ಆಮೇಲೆ ಕೈ ಸುಮ್ಮನಿರಲಿಲ್ಲ, ಎಲೆ, ಗರಿಗಳಿಂದ ಹಬ್ಬದ ಬಳೆಯನ್ನು (ವ್ರೆತ್) ನಾನೇ ಕಟ್ಟತೊಡಗಿದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಹಾಳಾದ ಬಳೆಗಳಿಂದ ಕಲಿತದ್ದು.

1. ದಿನ ಎಣಿಸಿ, ಆಮೇಲೆ ಎಲೆ ಆರಿಸಿ.

ಆಗಮನ ಕಾಲದ (ಆಡ್ವೆಂಟ್) ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಅಲ್ಲಿಂದ ಕ್ರಿಸ್ಮಸ್ಸಿಗೆ 22ರಿಂದ 28 ದಿನ. ಜನವರಿ 6ರ ಮೂರು ರಾಯರ ಹಬ್ಬದವರೆಗೆ ಇಡುವುದಾದರೆ 40 ದಿನದ ಹತ್ತಿರ ಹೋಗುತ್ತದೆ. ಎ.ಸಿ. ಓಡುವ ಮನೆಯಲ್ಲಿ ಕೊಯ್ದ ಎಲೆ ಅಷ್ಟು ದಿನ ಹಸಿರಾಗಿರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಎಲೆ ಹೇಗೆ ಕಾಣುತ್ತದೆ ಎಂದು ನಾನು ನೋಡುವುದನ್ನೇ ಬಿಟ್ಟೆ. ಒಣಗಿದ ಮೇಲೆ ಹೇಗೆ ಕಾಣುತ್ತದೆ ಎಂಬುದಷ್ಟೇ ನನ್ನ ಲೆಕ್ಕ. ನೀಲಗಿರಿ ಸೊಪ್ಪು ಬೂದಿಬಣ್ಣಕ್ಕೆ ತಿರುಗಿ ಚೆಂದವಾಗುತ್ತದೆ, ಪರಿಮಳವೂ ಉಳಿಯುತ್ತದೆ. ಗಾಳಿಮರದ ಕಡ್ಡಿ ವಾರದೊಳಗೆ ನೆಲಕ್ಕೆ ಉದುರುತ್ತದೆ. ಮಾವಿನೆಲೆ ಸುರುಟಿ ಬೀಡಿಯಾಗುತ್ತದೆ.

ನಾಲ್ಕು ಮೊಂಬತ್ತಿಯ ಆಡ್ವೆಂಟ್ ಬಳೆಗೆ ಫರ್ ಎಲೆಯೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿ ತಮ್ಮ ಆಶ್ರಮದ ಬಡ ಮಕ್ಕಳಿಗೆ ಮೊದಲು ಇದನ್ನು ಮಾಡಿಕೊಟ್ಟದ್ದು ಗಾಡಿಯ ಚಕ್ರದ ಮೇಲೆ. ಹಸಿರು ಸೇರಿದ್ದು ಆಮೇಲೆ.

2. ಫರ್ ಬೇಕೇ ಬೇಕಾದರೆ ಕೆಳಗಿನ ಕೊಂಬೆ ಕೇಳಿ.

ನವೆಂಬರ್ ಕೊನೆಗೆ ಯುರೋಪಿನಿಂದ ನಾರ್ಡ್‌ಮನ್ ಫರ್ ಬರುತ್ತದೆ. ದಾರಿಯಲ್ಲೇ ಬಹಳ ದಿನ ಕಳೆದಿರುತ್ತದೆ. ಇಡೀ ಮರಕ್ಕೆ ಹಣ ಸುರಿಯಬೇಡಿ. ಬುಡ ಸವರಿ ಮಾರುವವರ ಹತ್ತಿರ ಕತ್ತರಿಸಿದ ಕೊಂಬೆಗಳು ಬಿದ್ದಿರುತ್ತವೆ, ನಗುನಗುತ್ತಾ ಕೇಳಿದರೆ ಕೊಡುತ್ತಾರೆ. ಮನೆಗೆ ತಂದ ಕೂಡಲೇ ಬುಡವನ್ನು ಎರಡು ಸೆಂಟಿಮೀಟರ್ ಹೊಸದಾಗಿ ಕತ್ತರಿಸಿ, ಒಂದು ರಾತ್ರಿ ಬಕೆಟಿನಲ್ಲಿ ನೀರು ಕುಡಿಯಲು ಬಿಡಿ. ಹಳೆಯ ಕಡಿತದಲ್ಲಿ ಅಂಟು ಕಟ್ಟಿಕೊಂಡಿರುವುದರಿಂದ ನೀರು ಒಳಗೆ ಹೋಗುವುದಿಲ್ಲ.

3. ಹಸಿ ಗರಿಯನ್ನು ಹೆಣೆಯಬೇಡಿ.

ಇದೊಂದನ್ನು ಕಲಿಯಲು ನನಗೆ ಮೂರು ಡಿಸೆಂಬರ್ ಬೇಕಾಯಿತು. ಖರ್ಜೂರದ ಕೊಯ್ಲು ಮುಗಿದು ಚಳಿ ಬಿದ್ದ ಮೇಲೆ ಮಾಲಿಗಳು ಹಳೆಯ ಗರಿ ಕಡಿದು ರಾಶಿ ಹಾಕುತ್ತಾರೆ. ಮೊದಲ ವರ್ಷ ಆ ರಾಶಿಯಿಂದ ಒಳ್ಳೆ ಹಸಿರು ಗರಿ ಆರಿಸಿ, ಗರಿಗಳ ಭಾನುವಾರ ಊರಿನಲ್ಲಿ ತೆಂಗಿನ ಸಿರಿಯಲ್ಲಿ ಶಿಲುಬೆ ಹೆಣೆಯುತ್ತಿದ್ದ ಹಾಗೆಯೇ ಜಡೆ ಹೆಣೆದು ಬಳೆ ಮಾಡಿದೆ. ಬಾಗಿಲಿಗೆ ತೂಗಿಸಿದಾಗ ಬಿಗಿಯಾಗಿತ್ತು. ಹತ್ತು ದಿನಕ್ಕೆ ಹೆಣಿಗೆಯ ನಡುವೆ ಬೆರಳು ತೂರುವಷ್ಟು ಸಂದು. ಎಲೆ ಒಣಗುವಾಗ ಅಗಲದಲ್ಲಿ ಕುಗ್ಗಿ ಜಡೆ ಸಡಿಲವಾಗಿತ್ತು. ಎರಡನೆಯ ವರ್ಷ ಇನ್ನೂ ಬಿಗಿಯಾಗಿ ಎಳೆದೆ, ಎಲೆ ಹರಿಯಿತು.

ಮೂರನೆಯ ವರ್ಷ ಅಬುಧಾಬಿಯ ಅಲ್ ವತ್ಬಾದ ಪಾರಂಪರಿಕ ಉತ್ಸವಕ್ಕೆ ಹೋಗಿದ್ದೆ. ಅಲ್ಲಿ ವಯಸ್ಸಾದ ಎಮಿರಾತಿ ಹೆಂಗಸರು ಸಾಲಾಗಿ ಕೂತು ಖೂಸ್ ಹೆಣೆಯುತ್ತಾರೆ. ಖೂಸ್ ಎಂದರೆ ಖರ್ಜೂರದ ಎಲೆ. ಅದರ ಉದ್ದನೆಯ ಜಡೆಪಟ್ಟಿಗೆ ಸಫೀಫಾ ಎನ್ನುತ್ತಾರೆ, ಅದನ್ನೇ ಸುತ್ತಿ ಹೊಲಿದರೆ ಬುಟ್ಟಿ, ಚಾಪೆ. ನನ್ನ ಕಣ್ಣು ಬಿದ್ದದ್ದು ಅವರ ಕೈಯ ಮೇಲಲ್ಲ, ಪಕ್ಕದಲ್ಲಿದ್ದ ನೀರಿನ ಪಾತ್ರೆಯ ಮೇಲೆ. ಅದರಲ್ಲಿ ಒಣಗಿದ, ಬಿಳಿಚಿದ ಎಲೆಗಳು ನೆನೆಯುತ್ತಿದ್ದವು. ಅಯ್ಯೋ ದೇವರೇ, ಎಂದುಕೊಂಡೆ. ಮಾಡು ಹೊದಿಸುವ ಮೊದಲು ಅಮ್ಮ ಮಡಲುಗಳನ್ನು ಹೊಳೆಯಲ್ಲಿ ಹಾಕಿ ಕಲ್ಲು ಹೇರುತ್ತಿದ್ದದ್ದು ಮತ್ತೆ ಏಕೆ? ನಾನೇ ಆ ಕಲ್ಲು ಹೊತ್ತವಳು, ಕಾರಣ ಮಾತ್ರ ಕೇಳಿರಲಿಲ್ಲ.

ಈಗ ನನ್ನ ಕ್ರಮ ಹೀಗೆ: ಎಲೆಗಳನ್ನು ಕಡ್ಡಿಯಿಂದ ಬಿಡಿಸಿ ಬಾಲ್ಕನಿಯಲ್ಲಿ ಒಂದು ವಾರ ಒಣಗಿಸಬೇಕು. ಹೆಣೆಯುವ ಹಿಂದಿನ ರಾತ್ರಿ ನೀರಿನಲ್ಲಿ ಮುಳುಗಿಸಿ, ಬೆಳಿಗ್ಗೆ ಒದ್ದೆ ಬೈರಾಸಿನಲ್ಲಿ ಸುತ್ತಿಟ್ಟು ಐದೈದೇ ಎಲೆ ತೆಗೆಯಬೇಕು. ಕುಗ್ಗುವುದೆಲ್ಲ ಮೊದಲೇ ಕುಗ್ಗಿರುವುದರಿಂದ ಹೆಣಿಗೆ ಆಮೇಲೆ ಅಲುಗುವುದಿಲ್ಲ. ಬಣ್ಣ ಹಸಿರಲ್ಲ, ಹಳೆಯ ಚಾಪೆಯದು. ಅದರ ಮೇಲೆ ನೀಲಗಿರಿಯ ನಾಲ್ಕು ಗೊಂಚಲು ಕಟ್ಟಿದರೆ ಸಾಕು. ಹಣ್ಣು ಉದುರಿಸಿದ ಖಾಲಿ ಗೊನೆ ಸಿಕ್ಕರೆ ಬಿಡಬೇಡಿ. ಅಡಿಕೆಯ ಹಿಂಗಾರದ ಹಾಗೆ ಎಳೆಎಳೆಯಾಗಿ, ಬಂಗಾರದ ಬಣ್ಣದಲ್ಲಿ ಇಳಿಬಿದ್ದಿರುತ್ತದೆ. ಬಣ್ಣದ ಸ್ಪ್ರೇ ಹೊಡೆಯುವ ಅಗತ್ಯವೇ ಇಲ್ಲ.

4. ಮುಳ್ಳು.

ಖರ್ಜೂರದ ಗರಿಯ ಬುಡದ ಕಡ್ಡಿಗಳು ಎಲೆಯಲ್ಲ, ಸೂಜಿ. ತುದಿ ಮುರಿದು ಬೆರಳ ಗಂಟಿನೊಳಗೆ ಉಳಿದರೆ ವಾರಗಟ್ಟಲೆ ಬಾವು. ನನ್ನ ಬಲಗೈ ತೋರುಬೆರಳು ಒಂದು ಇಡೀ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ ತಯಾರಿ) ತಪ್ಪಿಸಿತು, ನೆವ್ರಿ (ಕರ್ಜಿಕಾಯಿ) ಮಡಚಿದವರು ನಮ್ಮ ಯಜಮಾನರು. (ಆಕಾರದ ಬಗ್ಗೆ ಕೇಳಬೇಡಿ.) ಬುಡದ ಮುಳ್ಳಿನ ಭಾಗವನ್ನು ಮಾಲಿಯ ಹತ್ತಿರವೇ ಕಡಿಸಿಕೊಂಡು ಬನ್ನಿ.

5. ಬಳೆಯ ಚೌಕಟ್ಟು ಲಾಂಡ್ರಿಯವನು ಕೊಡುತ್ತಾನೆ.

ಇಸ್ತ್ರಿ ಅಂಗಿ ತೂಗಿಸಿ ತರುವ ತಂತಿ ಹ್ಯಾಂಗರ್ ಎಲ್ಲರ ಮನೆಯಲ್ಲೂ ಇದೆ. ಅದನ್ನು ದುಂಡಗೆ ಬಗ್ಗಿಸಿದರೆ ಸುಮಾರು 30 ಸೆಂಟಿಮೀಟರ್ ಬಳೆ, ಕೊಕ್ಕೆ ಸಮೇತ. ಒಂದು ತಂತಿ ಭಾರಕ್ಕೆ ಬಾಗುತ್ತದೆ, ಎರಡನ್ನು ಸೇರಿಸಿ ಗೋಣಿದಾರ ಸುತ್ತಿ. ಬಾಡಿಗೆ ಮನೆಯ ಬಾಗಿಲಿಗೆ ಮೊಳೆ ಹೊಡೆದರೆ ಬಿಡುವಾಗ ಡಿಪಾಸಿಟ್‌ನಲ್ಲಿ ಲೆಕ್ಕ ಹಾಕುತ್ತಾರೆ. ಮೀನು ಹಿಡಿಯುವ ನೈಲಾನ್ ದಾರವನ್ನು ಬಾಗಿಲ ನೆತ್ತಿಯ ಮೇಲಿನಿಂದ ಒಳಗೆ ತಂದು ಟೇಪ್ ಹಾಕುವುದೇ ಮೇಲು.

6. ಕಂಡ ಗಿಡಕ್ಕೆಲ್ಲ ಕತ್ತರಿ ಹಾಕಬಾರದು.

ರಸ್ತೆ ಬದಿಯ ಗಿಡ ಮುನಿಸಿಪಾಲಿಟಿಯದು. ಸವರುವ ದಿನ ಮಾಲಿಯನ್ನು "ಭಾಯ್, ಥೋಡಾ ಲೇ ಲೂಂ?" ಎಂದು ಕೇಳುವುದು ನನ್ನ ಪದ್ಧತಿ, ನನ್ನ ಹಿಂದಿ ಕೇಳಿಯೇ ಅವರು ಕರಗುತ್ತಾರೆ. ಬೇಲಿಗೆ ನೆಟ್ಟ ದಮಾಸ್ ಗಿಡ ಎಲ್ಲೆಂದರಲ್ಲಿ ಸಿಗುತ್ತದೆ, ಆದರೆ ಐದೇ ದಿನಕ್ಕೆ ಕಂದು. ಒಂದು ಸಂಜೆಯ ಊಟದ ಮೇಜಿಗೆ ಪರವಾಗಿಲ್ಲ. ಕಣಗಿಲೆ ಬೇಡವೇ ಬೇಡ, ಅದರ ಎಲ್ಲ ಭಾಗವೂ ವಿಷ, ಮಕ್ಕಳಿರುವ ಮನೆಗೆ ಹೇಗೂ ಸಲ್ಲದು.

ಘಾಫ್ ಮರವನ್ನು ಮುಟ್ಟಲೇಬೇಡಿ. 2008ರಿಂದ ಅದು ಈ ದೇಶದ ರಾಷ್ಟ್ರೀಯ ವೃಕ್ಷ. ಸಹಿಷ್ಣುತೆಯ ವರ್ಷವೆಂದು ಸಾರಿದ 2019ರಲ್ಲಿ, ಪೋಪ್ ಫ್ರಾನ್ಸಿಸ್ ಇಲ್ಲಿಗೆ ಬಂದ ವರ್ಷವೂ ಅದೇ, ಎಲ್ಲ ಕಡೆ ಕಂಡದ್ದು ಆ ಮರದ ಚಿತ್ರ. ಘಾಫ್ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ. ವಿಜಯದಶಮಿಗೆ ಬನ್ನಿ ಹಂಚುವ ಹುಬ್ಬಳ್ಳಿಯ ಗೆಳತಿಗೆ ತೋರಿಸಿದಾಗ ಆಕೆ ಚಪ್ಪಲಿ ಬಿಟ್ಟು ಕೈ ಮುಗಿದಳು. ಸಿದ್ರ್ ಎಂಬ ಬೋರೆ ಜಾತಿಯ ಮುಳ್ಳುಮರವನ್ನೂ ನಾನು ಬಿಡುತ್ತೇನೆ. ಅದರ ಸಸ್ಯಶಾಸ್ತ್ರದ ಹೆಸರಿನ ಅರ್ಥ ಕ್ರಿಸ್ತನ ಮುಳ್ಳು. ಹುಟ್ಟಿದ ಮಗುವಿನ ತೊಟ್ಟಿಲಿಗೆ ಅದೇಕೆ?

7. ಗೋದಲಿಯ ಹುಲ್ಲನ್ನು ಬಿತ್ತಿಯೇ ಬೆಳೆಸಿ.

ಊರಿನಲ್ಲಿ ಗೆರಟೆಯಲ್ಲಿ ಭತ್ತ ಬಿತ್ತುತ್ತಿದ್ದೆವು. ಇಲ್ಲಿ ನನಗೆ ಭತ್ತ ಸಿಗಲಿಲ್ಲ, ಮಿಲ್ಲಿಗೆ ಹೋಗಿ ಬಂದ ಅಕ್ಕಿ ಮೊಳೆಯುವುದಿಲ್ಲ. ರಾಗಿ ಮತ್ತು ಇಡಿ ಗೋಧಿ ಕರಾಮದ ಅಂಗಡಿಗಳಲ್ಲಿ ಧಾರಾಳ. ರಾಗಿಯ ಪೈರು ಗಿಡ್ಡ, ನವಿರು. ಬೆರಳುದ್ದದ ಕುರುಬರ ಬೊಂಬೆಗಳ ಪಕ್ಕ ಹುಲ್ಲುಗಾವಲಿನ ಹಾಗೇ ಕಾಣುತ್ತದೆ. ಗೋಧಿ ಎತ್ತರ ಹೋಗಿ ಒಂಟೆಯನ್ನೇ ಮುಚ್ಚುತ್ತದೆ, ಅದನ್ನು ಹಿಂದೆ ಬಿತ್ತಿ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಕಂಡ ಮೇಲೆ ಬಿರಿಯಾನಿ ಡಬ್ಬದ ಮುಚ್ಚಳದಲ್ಲಿ ತೆಂಗಿನ ನಾರಿನ ಹುಡಿ ಹರಡಿ ಅದರ ಮೇಲೆ ಚೆಲ್ಲಿ. ಡಿಸೆಂಬರ್ 14 ಸರಿಯಾದ ದಿನ. ಮೊದಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿಯಾಗಿ ಮಲಗುತ್ತದೆ. ಹಂಗೇರಿ, ಕ್ರೊವೇಷಿಯಾದ ಕಡೆ ಡಿಸೆಂಬರ್ 13ರ ಸಂತ ಲೂಸಿಯ ಹಬ್ಬದಂದು ಗೋಧಿ ಬಿತ್ತುವ ವಾಡಿಕೆಯಿದೆ ಎಂದು ತಿಳಿದಾಗ ನನ್ನ ಲೆಕ್ಕಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ನೀರು ಚಿಮುಕಿಸಿ ಸಾಕು, ಸುರಿದರೆ ಬೂಸ್ಟು.

8. ಒಣಗಿದ ಗರಿಯ ಹತ್ತಿರ ನಿಜವಾದ ಬೆಂಕಿ ಬೇಡ.

ಆಡ್ವೆಂಟ್ ಬಳೆಯ ಮೂರು ನೇರಳೆ, ಒಂದು ಗುಲಾಬಿ ಮೊಂಬತ್ತಿಯನ್ನು ನಾನು ಹಿತ್ತಾಳೆ ಬಟ್ಟಲಲ್ಲಿ ಹೊಯಿಗೆ ಹಾಕಿ ಬೇರೆಯೇ ನಿಲ್ಲಿಸುತ್ತೇನೆ, ಬಳೆ ಅದರ ಸುತ್ತ ದೂರದಲ್ಲಿ. ಪ್ರಾರ್ಥನೆ ಮುಗಿದ ಕೂಡಲೇ ಆರಿಸುತ್ತೇನೆ. 2021ರ ಕೊನೆಯವರೆಗೆ ಇಲ್ಲಿ ವಾರದ ರಜೆ ಶುಕ್ರವಾರ. ನಮ್ಮಂಥ ಕೆಲಸದವರು ಭಾನುವಾರದ ಪೂಜೆಯನ್ನು ದುಬೈಯ ಊದ್ ಮೆತಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಶುಕ್ರವಾರವೇ ಮುಗಿಸುತ್ತಿದ್ದೆವು. ಮೊಂಬತ್ತಿ ಯಾವ ದಿನ ಹಚ್ಚುವುದೆಂದು ಪ್ರತಿವರ್ಷ ಮನೆಯಲ್ಲಿ ತಕರಾರು. 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆಯಾಗಿ ಆ ಜಗಳ ತೀರಿತು.

9. ಬಿಚ್ಚುವ ದಿನ.

ಜನವರಿ 6ರ ಸಂಜೆ ನೀಲಗಿರಿ ಗೊಂಚಲು ಮಾತ್ರ ಬಿಚ್ಚುತ್ತೇನೆ. ಹೆಣೆದ ಬಳೆಯನ್ನು ಹಳೆಯ ದಿಂಬಿನ ಚೀಲದಲ್ಲಿ ಹಾಕಿ ಕಪಾಟಿನ ಮೇಲಿಡುತ್ತೇನೆ. ಈಗಿನದು ಆರು ಕ್ರಿಸ್ಮಸ್ ಕಂಡಿದೆ. ಗೋಧಿಯ ಹುಲ್ಲಿಗೆ ಎದುರು ಫ್ಲಾಟಿನಲ್ಲಿ ಗಿರಾಕಿಯಿದೆ. ಫಿಲಿಪೀನ್ಸಿನ ನರ್ಸಮ್ಮ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಾಳೆ. ಬಿರಿಯಾನಿ ಡಬ್ಬದ ಮುಚ್ಚಳವನ್ನು ಮಾತ್ರ ವಾಪಸ್ ಕೊಡಬೇಕೆಂದು ಅವಳಿಗೆ ಹೇಳಿಟ್ಟಿದ್ದೇನೆ.