ಮನೆಯ ಕಡತದ ಪೆಟ್ಟಿಗೆ ಕಾಣದಾದಾಗ

ಮನೆಯ ಫೋನು, ಕಂಪ್ಯೂಟರುಗಳೆಲ್ಲಕ್ಕೂ ಒಂದೇ ಕಣಜವಿರಲೆಂದು ರೂಟರಿಗೆ ಜೋಡಿಸಿಡುವ ಹಾರ್ಡ್ ಡಿಸ್ಕಿನ ಪೆಟ್ಟಿಗೆಗೆ ‘ನಾಸ್’ ಎಂದು ಹೆಸರು. ಮದುವೆಯ ಫೋಟೋ, ಮಕ್ಕಳ ಅಂಕಪಟ್ಟಿ, ಊರಿನ ಜಮೀನಿನ ಪಹಣಿ ಎಲ್ಲವನ್ನೂ ಅದರಲ್ಲಿ ತುಂಬಿ ನಿಶ್ಚಿಂತರಾಗಿರುವ ಬಂಧುಗಳು ನಮ್ಮಲ್ಲಿ ಹಲವರು. ಒಂದು ದಿನ ಅದು ಕಂಪ್ಯೂಟರಿನಲ್ಲಿ ಕಾಣುವುದೇ ಇಲ್ಲ. ಆಗ ಏನು ಮಾಡತಕ್ಕದ್ದು?

ಮಾಡಬಾರದುದನ್ನು ಮೊದಲು ಹೇಳುತ್ತೇವೆ. ಡಿಸ್ಕನ್ನು ಕಳಚಿ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಬೇಡಿರಿ. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಲಿನಕ್ಸ್ ಪದ್ಧತಿಯಲ್ಲಿ ಕಡತ ಬರೆಯುತ್ತವೆ. ವಿಂಡೋಸಿಗೆ ಆ ಬರಹ ಓದಲು ಬಾರದು. ಓದಲು ಬಾರದಿದ್ದಾಗ ಅದು ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುವುದುಂಟು. ಹೌದೆಂದು ಒತ್ತಿದಿರೋ, ಇದ್ದುದೂ ಹೋಯಿತು. ಗೋದಾಮಿನ ಬೀಗ ತೆರೆಯದ ಮಾತ್ರಕ್ಕೆ ಸರಕು ಹಾಳಾಯಿತೆಂದು ಯಾವ ಗುಮಾಸ್ತನೂ ರಿಜಿಸ್ಟರಿನಲ್ಲಿ ಬರೆಯುವುದಿಲ್ಲವಷ್ಟೆ. ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಡಿಸ್ಕೇ ಕೆಟ್ಟಿರಬಹುದು. ಕರೆಂಟು ತೆಗೆದು ಬಲ್ಲವರಿಗೆ ಒಪ್ಪಿಸಿರಿ.

ಸದ್ದಿಲ್ಲದಿದ್ದರೆ ಕೇಬಲ್ಲಿನಿಂದ ಪ್ರಾರಂಭ. ಅದು ಸೇರುವ ಜಾಗದಲ್ಲಿ ಸಣ್ಣ ದೀಪ ಉರಿಯದಿದ್ದರೆ ಕೇಬಲ್ಲನ್ನು ಬದಲಿಸಿ ನೋಡಿರಿ. ನೀವು ‘ಗೆಸ್ಟ್’ ವೈಫೈಗೆ ಸೇರಿದ್ದರೂ ಪೆಟ್ಟಿಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ನಮ್ಮಂಥ ಬಾಡಿಗೆಯವರಿಗೆ ಇನ್ನೊಂದು ತೊಡಕುಂಟು. ಖೋಲಿ ಬದಲಾದರೆ ರೂಟರೂ ಬದಲಾಗುವುದು. ಹಳೆಯ ರೂಟರು 192.168.0 ಎಂಬ ಬೀದಿಯಲ್ಲಿ ವಿಳಾಸ ಕೊಡುತ್ತಿದ್ದಿರಬಹುದು, ಹೊಸದು 192.168.1 ಬೀದಿಯಲ್ಲಿ. ಪೆಟ್ಟಿಗೆಗೆ ಖಾಯಂ ವಿಳಾಸ ಬರೆದಿಟ್ಟಿದ್ದರೆ ಅದು ಇನ್ನೂ ಹಳೆಯ ಬೀದಿಯಲ್ಲೇ ಕುಳಿತಿರುವುದು. ಕಂಪ್ಯೂಟರಿಗೆ ತಾತ್ಕಾಲಿಕವಾಗಿ ಹಳೆಯ ಬೀದಿಯ ವಿಳಾಸವೊಂದನ್ನು ಕೊಟ್ಟು, ಬ್ರೌಸರಿನಲ್ಲಿ ಪೆಟ್ಟಿಗೆಯ ಪುಟ ತೆರೆದು, ರೂಟರಿನಿಂದಲೇ ವಿಳಾಸ ಪಡೆಯುವಂತೆ ತಿದ್ದಿರಿ. ಸೈನಾಲಜಿ ಪೆಟ್ಟಿಗೆಯಾದರೆ ರೀಸೆಟ್ ಗುಂಡಿಯನ್ನು ಸುಮಾರು 4 ಸೆಕೆಂಡು, ಒಂದು ಬೀಪ್ ಕೇಳುವವರೆಗೆ ಮಾತ್ರ ಒತ್ತಿ ಬಿಟ್ಟರೆ ವಿಳಾಸದ ಏರ್ಪಾಡೂ ಅಡ್ಮಿನ್ ಪಾಸ್‌ವರ್ಡೂ ಮೊದಲಿನಂತಾಗುವುವು, ಕಡತಗಳಿಗೆ ಧಕ್ಕೆಯಿಲ್ಲ. ಎಲ್ಲ ಕಂಪನಿಗಳ ಗುಂಡಿಯೂ ಹೀಗಲ್ಲ. ಕೈಪಿಡಿ ನೋಡದೆ ಮುಟ್ಟಬಾರದು.

ಹೆಸರು ಮಾತ್ರ ಕಾಣದಿದ್ದರೆ ಸುಲಭ. ರೂಟರಿನ ಪುಟದಲ್ಲಿರುವ ಪಟ್ಟಿಯಿಂದ ವಿಳಾಸ ಹುಡುಕಿ, ಫೈಲ್ ಎಕ್ಸ್‌ಪ್ಲೋರರಿನ ಮೇಲುಪಟ್ಟಿಯಲ್ಲಿ \\192.168.1.20 ಎಂಬಂತೆ ಬರೆದು ಎಂಟರ್ ಒತ್ತಿರಿ.

ಪೆಟ್ಟಿಗೆ ಬಹಳ ಹಳೆಯದಾದರೆ ಭಾಷೆಯ ತೊಡಕು. ಹಿಂದಿನ ಪೆಟ್ಟಿಗೆಗಳು ಎಸ್‌ಎಂಬಿ ಒಂದನೆಯ ಆವೃತ್ತಿಯಲ್ಲಿ ಮಾತನಾಡುತ್ತಿದ್ದವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಅದೇ ವರ್ಷದ ಅಕ್ಟೋಬರಿನಿಂದ, ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಭಾಷೆ ತಾನಾಗಿ ಬರುವುದು ನಿಂತಿತು. ಅದನ್ನೇ ಮತ್ತೆ ತೆರೆದುಕೊಳ್ಳಿರೆಂದು ಸಲಹೆ ಕೊಡುವವರಿದ್ದಾರೆ, ನಾವು ಒಪ್ಪೆವು. ಪೆಟ್ಟಿಗೆಯ ಸಾಫ್ಟ್‌ವೇರನ್ನು ನವೀಕರಿಸಿ, ಎರಡು ಅಥವಾ ಮೂರನೆಯ ಆವೃತ್ತಿ ಆರಿಸಿರಿ.

ನವೀಕರಣವೇ ನಿಂತುಹೋದ ಪೆಟ್ಟಿಗೆಯನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ಗೆ ಕೊನೆಯ ನವೀಕರಣ ಬಂದದ್ದು 2015ರಲ್ಲಿ. 2021ರ ಜೂನಿನಲ್ಲಿ ದೂರದಿಂದ ನುಗ್ಗಿದ ದುಷ್ಕರ್ಮಿಗಳು ಅಂಥ ಅನೇಕ ಪೆಟ್ಟಿಗೆಗಳನ್ನು ಬರಿದು ಮಾಡಿದರು. ಬೇರೆ ಪ್ರತಿ ಇಲ್ಲದವರ ಪಾಡೇನು, ಊಹಿಸಿಕೊಳ್ಳಿರಿ. ಆದುದರಿಂದ ಪೆಟ್ಟಿಗೆ ತೆರೆದ ದಿನವೇ ಒಂದು ಯುಎಸ್‌ಬಿ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ ಬೇರೆ ಕಡೆ ಇಡಿರಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ವಾಚನಾಲಯಕ್ಕೆ ಬನ್ನಿರಿ. ಪೆಟ್ಟಿಗೆ ಹೊತ್ತು ತರುವುದು ಬೇಡ. ಅದರ ಮಾದರಿಯ ಹೆಸರು, ರೂಟರಿನ ಪುಟದ ಒಂದು ಫೋಟೋ ಸಾಕು.